ಕಳಚಿದ ಅಗುಳಿ: ರಕ್ತ ಕ್ಯಾನ್ಸರ್‌ನಲ್ಲಿ ಆಂಕೋಜೀನ್‌ಗಳ ಪಾತ್ರ

ನಮ್ಮ ಅಸ್ಥಿಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಬದುಕಿನುದ್ದಕ್ಕೂ ನಡೆಯುವ ಈ ಉತ್ಪಾದನೆ ಹದ ತಪ್ಪದಿರಬೇಕಾದರೆ ಯಾವ ಕೋಶ ಯಾವಾಗ ವಿಭಜನೆಯಾಗಬೇಕು, ಯಾವಾಗ ಸಾಯಬೇಕು ಎಂಬುದನ್ನು ನಿಯಂತ್ರಿಸುವ ಜೀನ್‌ಗಳು ಸರಿಯಾಗಿ ಕೆಲಸ ಮಾಡಬೇಕು. ಆಂಕೋಜೀನ್‌ಗಳೆಂದರೆ ಹತೋಟಿ ತಪ್ಪಿದ ಇವೇ ಜೀನ್‌ಗಳು. ರೋಗ ತರುವುದಕ್ಕೆಂದೇ ಯಾವುದೋ ಜೀನ್ ದೇಹದಲ್ಲಿ ಅವಿತು ಕುಳಿತಿರುತ್ತದೆ ಎಂಬ ನಂಬಿಕೆ ತಪ್ಪು. ಅದು ರೋಗಿಯನ್ನು ವಿನಾಕಾರಣ ಅಂಜಿಸುತ್ತದೆ ಕೂಡ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್. ಈ ರೋಗಿಗಳ ರಕ್ತಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತು (ಜೀನ್‌ಗಳನ್ನು ಹೊತ್ತಿರುವ ಎಳೆ, ಕ್ರೋಮೋಸೋಮ್) ಇರುವುದನ್ನು 1960ರಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ವರದಿ ಮಾಡಿದರು. ಅವರ ಊರಿನಿಂದಾಗಿ ಅದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂದು ಹೆಸರಾಯಿತು. 9 ಮತ್ತು 22ನೇ ವರ್ಣತಂತುಗಳು ತುಂಡಾಗಿ, ಆ ತುಂಡುಗಳು ಅದಲುಬದಲಾಗಿವೆ ಎಂದು 1973ರಲ್ಲಿ ಜಾನೆಟ್ ರೌಲಿ ಕಂಡುಕೊಂಡರು. ಹೀಗಾದಾಗ 9ರಲ್ಲಿದ್ದ ಎಬಿಎಲ್ ಜೀನ್ 22ರಲ್ಲಿರುವ ಬಿಸಿಆರ್ ಜೀನಿಗೆ ಬೆಸೆದುಕೊಳ್ಳುತ್ತದೆ. ಎಬಿಎಲ್ ಜೀನ್ ತಯಾರಿಸುವ ಕಿಣ್ವವು ಇತರ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸಿ ಬೆಳವಣಿಗೆಯ ಸಂದೇಶವನ್ನು ದಾಟಿಸುತ್ತದೆ. ಆರೋಗ್ಯವಂತ ಕೋಶದಲ್ಲಿ ಆ ಕಿಣ್ವದ ಒಂದು ತುದಿ ಅದರದೇ ಮೈಯಲ್ಲಿರುವ ಸಣ್ಣ ಗೂಡಿನೊಳಗೆ ಮಡಚಿ ಕುಳಿತು, ಅಗುಳಿ ಹಾಕಿದಂತೆ ಅದನ್ನು ತಡೆದಿಟ್ಟಿರುತ್ತದೆ. ಬೆಸುಗೆಯಲ್ಲಿ ಕಳಚಿಹೋಗುವುದು ಇದೇ ತುದಿ. ಸಾಲದೆಂಬಂತೆ, ಅದರ ಜಾಗಕ್ಕೆ ಬರುವ ಬಿಸಿಆರ್ ಭಾಗವು ಕಿಣ್ವಗಳನ್ನು ಒಂದಕ್ಕೊಂದು ಜೋಡಿಸಿ ಪರಸ್ಪರ ಚುರುಕುಗೊಳಿಸುತ್ತದೆ. ಹೊರಗಿನಿಂದ ಯಾವ ಸಂದೇಶವೂ ಬಾರದಿದ್ದರೂ ಕೋಶ ವಿಭಜನೆಯಾಗುತ್ತಲೇ ಇರುತ್ತದೆ.

ಜೀನ್ ತಾನು ಕೆಡದೆಯೂ ಅನಾಹುತವಾಗಬಹುದು. ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಬರ್ಕಿಟ್ ಲಿಂಫೋಮಾದಲ್ಲಿ 8ನೇ ವರ್ಣತಂತುವಿನ ಮಿಕ್ ಜೀನ್ ಸಾಮಾನ್ಯವಾಗಿ 14ನೇ ವರ್ಣತಂತುವಿಗೆ, ಪ್ರತಿಕಾಯ ತಯಾರಿಸುವ ಜೀನಿನ ಪಕ್ಕಕ್ಕೆ ಹೋಗಿ ಸೇರುತ್ತದೆ. ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣವಾದ ಬಿ ಕೋಶದಲ್ಲಿ ಆ ಜಾಗ ಬಿಡುವಿಲ್ಲದೆ ಕೆಲಸ ಮಾಡುವುದರಿಂದ ಮಿಕ್ ಕೂಡ ಬಿಡುವಿಲ್ಲದೆ ವಿಭಜನೆಗೆ ಆಜ್ಞೆ ಕೊಡುತ್ತದೆ. ಇನ್ನೊಂದು ಬಗೆಯದಾದ ಫಾಲಿಕ್ಯುಲರ್ ಲಿಂಫೋಮಾದಲ್ಲಿ ಅದೇ ಪ್ರತಿಕಾಯ ಜೀನಿನ ಪಕ್ಕಕ್ಕೆ ಬರುವುದು ಬಿಸಿಎಲ್-2 ಜೀನ್. ಅದು ವಿಭಜನೆಯನ್ನು ಹೆಚ್ಚಿಸುವುದಿಲ್ಲ, ಸಾಯಬೇಕಾದ ಕೋಶವನ್ನು ಸಾಯಗೊಡುವುದಿಲ್ಲ.

ದೋಷ ಎಲ್ಲಿದೆ ಎಂದು ಇಷ್ಟು ನಿಖರವಾಗಿ ತಿಳಿದದ್ದರಿಂದಲೇ ಚಿಕಿತ್ಸೆಯ ದಾರಿ ಬದಲಾಯಿತು. 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮ್ಯಾಟಿನಿಬ್ ಎಂಬ ಔಷಧ, ಎಬಿಎಲ್ ಕಿಣ್ವದಲ್ಲಿ ಫಾಸ್ಫೇಟ್ ಒದಗಿಸುವ ಎಟಿಪಿ ಅಣು ಕೂರುವ ಜಾಗವನ್ನು ತಾನು ಹಿಡಿದು ಫಾಸ್ಫೇಟ್ ಸಿಗದಂತೆ ಮಾಡುತ್ತದೆ. ಕೆಲವೇ ವರ್ಷಗಳಲ್ಲಿ ಸಾವು ತರುತ್ತಿದ್ದ ಆ ಲ್ಯುಕೇಮಿಯಾ, ದಿನವೂ ಮಾತ್ರೆ ನುಂಗಿ ದಶಕಗಳ ಕಾಲ ಬದುಕಬಹುದಾದ ಸ್ಥಿತಿಗೆ ಬಂತು. ಆಧುನಿಕ ವೈದ್ಯಕೀಯದಲ್ಲಿ ಇಷ್ಟು ಸಂತೋಷ ಕೊಡುವ ಬದಲಾವಣೆಗಳು ಹೆಚ್ಚಿಲ್ಲ. ಆದರೂ ಕೆಲವು ರೋಗಿಗಳಲ್ಲಿ ಕಿಣ್ವದ 315ನೇ ಸ್ಥಾನದಲ್ಲಿ ಥ್ರಿಯೊನೀನ್ ಎಂಬ ಅಮೈನೋ ಆಮ್ಲದ ಬದಲು ಐಸೊಲ್ಯೂಸೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಂದು, ಇಮ್ಯಾಟಿನಿಬ್ ಅಲ್ಲಿ ಕೂರಲಾಗದಂತೆ ಆಗುತ್ತದೆ. ಅಂಥವರಿಗೂ ಕೊಡಬಹುದಾದ ಆಸಿಮಿನಿಬ್ ಎಂಬ ಔಷಧ 2021ರಲ್ಲಿ ಬಂತು. ಅದು ಎಟಿಪಿಯ ಜಾಗಕ್ಕೆ ಕೈಹಾಕುವುದಿಲ್ಲ. ಕಳಚಿಹೋದ ಆ ತುದಿ ಹಿಂದೆ ಕೂರುತ್ತಿದ್ದ ಗೂಡನ್ನೇ ಸೇರಿ, ಅಗುಳಿಯನ್ನು ಮತ್ತೆ ಹಾಕುತ್ತದೆ.