ಪೂಲ್ ಬೇಲಿ: ಮನೆಯ ಈಜುಕೊಳಕ್ಕೆ ನಾಲ್ಕೂ ಕಡೆ ತಡೆ

ಮನೆಯ ಈಜುಕೊಳದ ಸುತ್ತ ಹಾಕುವ ತಡೆಯೇ ಪೂಲ್ ಬೇಲಿ. ಇದನ್ನು ಕಾಂಪೌಂಡ್ ಅಂದುಕೊಳ್ಳಬೇಡಿ. ಕಾಂಪೌಂಡ್ ಹೊರಗಿನವರನ್ನು ತಡೆಯುತ್ತದೆ. ಪೂಲ್ ಬೇಲಿ ತಡೆಯಬೇಕಾಗಿರುವುದು ಮನೆಯೊಳಗಿನ ಪುಟ್ಟ ಮಕ್ಕಳನ್ನು. ಅದಕ್ಕೇ ಅದು ಮನೆಗೂ ಕೊಳಕ್ಕೂ ನಡುವೆಯೂ ಬರಬೇಕು. ಮೂರು ಕಡೆ ಬೇಲಿ ಹಾಕಿ, ನಾಲ್ಕನೇ ಕಡೆಗೆ ಮನೆಯ ಗೋಡೆ ಇದೆಯಲ್ಲ ಎಂದು ಸುಮ್ಮನಾದರೆ, ಹಿಂಬಾಗಿಲು ತೆರೆದಿದ್ದ ದಿನ ಮಗು ನೇರವಾಗಿ ನೀರಿನ ಹತ್ತಿರ ಹೋಗುತ್ತದೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈಬಡಿದು ಕೂಗುವುದು ಅಪರೂಪ. ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.

ಅಳತೆಗಳು ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದ ನಿಯಮದಲ್ಲಿ ಬೇಲಿ ಕನಿಷ್ಠ 1.2 ಮೀಟರ್ ಎತ್ತರ ಇರಬೇಕು. ಕಂಬಿಗಳ ನಡುವೆಯಾಗಲಿ, ಬೇಲಿಯ ಕೆಳಗಾಗಲಿ 10 ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಗೇಟಿನ ವಿಷಯದಲ್ಲಂತೂ ನಿಯಮ ಇನ್ನೂ ಬಿಗಿ. ಅದು ತಾನಾಗಿಯೇ ಮುಚ್ಚಿಕೊಳ್ಳಬೇಕು, ಚಿಲಕವೂ ತಾನಾಗಿಯೇ ಬೀಳಬೇಕು, ತೆರೆದರೆ ಕೊಳದಿಂದ ಆಚೆ ಕಡೆಗೆ ತೆರೆಯಬೇಕು. ಯಾಕೆ ಗೊತ್ತಾ? ಚಿಲಕ ಸರಿಯಾಗಿ ಬೀಳದಿದ್ದರೂ, ಹೊರಗಿನಿಂದ ಮಗು ಗೇಟನ್ನು ತಳ್ಳಿದಾಗ ಅದು ತೆರೆಯುವುದಿಲ್ಲ, ಮುಚ್ಚಿಕೊಳ್ಳುತ್ತದೆ.

ಫ್ರಾನ್ಸಿನ 2003ರ ಕಾನೂನು ಬೇರೆ ದಾರಿ ಹಿಡಿದಿದೆ. ಬೇಲಿ, ಅಲಾರಂ, ಸುರಕ್ಷತಾ ಮುಚ್ಚಳ ಅಥವಾ ಕೊಳವನ್ನೇ ಮುಚ್ಚುವ ಮಾಡು, ಇವುಗಳಲ್ಲಿ ಒಂದಿದ್ದರೆ ಸಾಕು. ನನ್ನ ಓಟು ಬೇಲಿಗೇ. ನೀರಿನ ಅಲಾರಂ ಕೂಗುವುದು ಮಗು ಬಿದ್ದ ಮೇಲೆ ತಾನೇ?

ಬಾಡಿಗೆ ಮನೆಯಾದರೆ ಜವಾಬ್ದಾರಿ ಯಾರದು? ಬೇಲಿ ಹಾಕಿಸುವುದು, ರಿಪೇರಿ ಮಾಡಿಸುವುದು ಸಾಮಾನ್ಯವಾಗಿ ಮಾಲೀಕರ ಕೆಲಸ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಏಪ್ರಿಲ್ 29ರಿಂದ, ಸ್ವಂತ ಈಜುಕೊಳವಿರುವ ಮನೆಯನ್ನು ಬಾಡಿಗೆಗೆ ಕೊಡುವಾಗ ಬೇಲಿ ನಿಯಮದಂತಿದೆ ಎನ್ನುವ ಸರ್ಟಿಫಿಕೇಟ್ ಬೇಕು. ಬಾಡಿಗೆದಾರರು ಕರಾರಿಗೆ ಸಹಿ ಹಾಕುವ ಮೊದಲು ಗೇಟನ್ನು ಸ್ವಲ್ಪವೇ ತೆರೆದು ಕೈಬಿಟ್ಟು ನೋಡಲಿ. ಪೂರ್ತಿ ತೆರೆದಾಗ ಚೆನ್ನಾಗಿ ಮುಚ್ಚುವ ಗೇಟು, ಅರ್ಧಂಬರ್ಧ ತೆರೆದಾಗ ಎಷ್ಟೋ ಸಲ ಚಿಲಕದವರೆಗೆ ಬರುವುದೇ ಇಲ್ಲ. ಹಾಗಿದ್ದರೆ ಮಾಲೀಕರಿಗೆ ಬರವಣಿಗೆಯಲ್ಲೇ ತಿಳಿಸುವುದು ಒಳ್ಳೆಯದು.

ಆದರೆ ದಿನನಿತ್ಯದ ಜಾಗ್ರತೆ ಮನೆಯಲ್ಲಿ ಇರುವವರದ್ದೇ. ಓಡಾಡಲು ಅನುಕೂಲ ಅಂತ ಗೇಟಿಗೆ ಇಟ್ಟಿಗೆ ಒತ್ತಿಟ್ಟರೆ ಬೇಲಿ ಇದ್ದೂ ಇಲ್ಲದ ಹಾಗೆ. ಬೇಲಿ ಪಕ್ಕದ ಕುರ್ಚಿ, ದೊಡ್ಡ ಹೂಕುಂಡ ಮಕ್ಕಳಿಗೆ ಮೆಟ್ಟಿಲಾಗುತ್ತವೆ. ನೀರಲ್ಲಿ ತೇಲುವ ಆಟದ ಸಾಮಾನನ್ನೂ ಆಟ ಮುಗಿದ ಕೂಡಲೇ ತೆಗೆದುಬಿಡಿ.

ಗಾಳಿ ತುಂಬುವ ಪ್ಲಾಸ್ಟಿಕ್ ಕೊಳಕ್ಕೆ ಇದೆಲ್ಲ ಯಾಕೆ ಅನ್ನಿಸಬಹುದು. ನ್ಯೂ ಸೌತ್ ವೇಲ್ಸ್‌ನಲ್ಲಿ 30 ಸೆಂಟಿಮೀಟರ್‌ಗಿಂತ ಆಳವಾಗಿ ನೀರು ಹಿಡಿಯುವ ಕೊಳಕ್ಕೂ ಬೇಲಿ ಬೇಕೇ ಬೇಕು. ಹಾಗಾಗಿ ಬಾಡಿಗೆದಾರರು ಅಂಥದ್ದನ್ನು ತರುವ ಮೊದಲೇ ಮಾಲೀಕರ ಹತ್ತಿರ ಮಾತಾಡಬೇಕು.