ನಿವೃತ್ತಿಯಾದರೂ ಬಾಗಿಲ ಕಡೆ ಮುಖ ಮಾಡೇ ಕೂರುತ್ತಾರೆ, ಯಾಕೆ?

ಪ್ರಶ್ನೆ: ನಮ್ಮ ಯಜಮಾನರು ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಎಂಟು ತಿಂಗಳಾಯ್ತು. ಈಗಲೂ ರಾತ್ರಿ ಎರಡೆರಡು ಸಲ ಎದ್ದು ಬೀಗ ನೋಡುತ್ತಾರೆ. ಹೊರಗೆ ಊಟಕ್ಕೆ ಹೋದರೆ ಬಾಗಿಲು ಕಾಣುವ ಜಾಗವೇ ಬೇಕು. ಮನೆಯಲ್ಲಿ ಮಾತೇ ಕಡಿಮೆ. ಇದು ಸರಿಹೋಗುತ್ತಾ?

ಉತ್ತರ: ಬಹಳಷ್ಟು ಜನರಿಗೆ ಸರಿಹೋಗುತ್ತದೆ. ಆದರೆ "ಸುಮ್ನೆ ಆರಾಮಾಗಿರಿ" ಅಂದರೆ ಆಗುವಂಥದ್ದಲ್ಲ.

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕೈ ನೋಡುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಇವೆಲ್ಲ ಡ್ಯೂಟಿಯಲ್ಲಿ ಅವರ ಜೀವ ಕಾಯ್ದ ಅಭ್ಯಾಸಗಳು. ಮೈಯೆಲ್ಲ ಕಣ್ಣಾಗಿರುವಾಗ ಮೈಯನ್ನು ಚುರುಕಾಗಿಸುವ ಅಡ್ರಿನಲಿನ್ ಹಾರ್ಮೋನು ಏರುತ್ತದೆ. ಮನೆಗೆ ಬಂದ ಮೇಲೆ ಅದೇ ಮೈ ಕುಸಿಯುತ್ತದೆ. ಆಗ ಮಾತು ಬೇಡ, ಯಾವುದೂ ಬೇಡ. ಸ್ವತಃ ಪೊಲೀಸ್ ಕೆಲಸ ಮಾಡಿದ್ದ ಅಮೆರಿಕದ ಮನಶ್ಶಾಸ್ತ್ರಜ್ಞ ಕೆವಿನ್ ಗಿಲ್ಮಾರ್ಟಿನ್ ಈ ಏರಿಳಿತವನ್ನು ಬಿಡಿಸಿ ಹೇಳಿದ್ದಾರೆ. ವರ್ಷಗಟ್ಟಲೆ ಹೀಗೇ ನಡೆದ ಮೈ, ಕೆಲಸ ನಿಂತ ದಿನವೇ ಬದಲಾಗು ಅಂದರೆ ಹೇಗೆ ಬದಲಾದೀತು?

ಜೊತೆಗೆ ಫೋನ್. ಇಷ್ಟು ವರ್ಷ ಊಟದ ತಟ್ಟೆ ಪಕ್ಕದಲ್ಲೇ ಇರುತ್ತಿತ್ತು, ಅರ್ಧ ಊಟಕ್ಕೇ ಎಬ್ಬಿಸುತ್ತಿತ್ತು. ಈಗಲೂ ಅಲ್ಲೇ ಇರುತ್ತದೆ, ಕರೆ ಮಾತ್ರ ಬರುವುದಿಲ್ಲ. ಹುದ್ದೆ ಹೋದದ್ದಕ್ಕಿಂತ ಜೊತೆಯವರು ದೂರವಾದದ್ದೇ ಜಾಸ್ತಿ ನೋವು ಅಂತ ನನಗನ್ನಿಸುತ್ತದೆ. ಹಳೇ ಸ್ನೇಹಿತರೊಬ್ಬರನ್ನು ವಾರಕ್ಕೊಮ್ಮೆ ಭೇಟಿಯಾಗಲಿ. ಪೊಲೀಸರಲ್ಲದ ಗೆಳೆಯರೂ ಒಬ್ಬಿಬ್ಬರು ಬೇಕು.

ರಾತ್ರಿ ಪಾಳಿ ಮಾಡಿದವರ ನಿದ್ದೆ ಹಳಿಗೆ ಬರಲು ತಿಂಗಳುಗಳೇ ಹಿಡಿಯಬಹುದು. ದಿನಾ ಒಂದೇ ಹೊತ್ತಿಗೆ ಏಳಲಿ, ಬೆಳಗಿನ ಬೆಳಕಿನಲ್ಲಿ ನಡೆಯಲಿ. ನೀವೂ ಜೊತೆಗೆ ಹೋಗಿ. ಎದುರು ಕೂತಾಗ ಬಾರದ ಮಾತು ಅಕ್ಕಪಕ್ಕ ನಡೆಯುವಾಗ ಬರುತ್ತದೆ. ನಿದ್ದೆಗೆ ಅಂತ ಕುಡಿಯುವುದು ಬೇಡವೇ ಬೇಡ. ನಡುರಾತ್ರಿ ಎಚ್ಚರವಾಗುವುದು ಅದರಿಂದಲೇ ಹೆಚ್ಚು.

ಕೆಟ್ಟ ಕನಸು, ಹಳೇ ಘಟನೆ ಕಣ್ಣೆದುರು ಬರುವುದು, ಸಣ್ಣದಕ್ಕೂ ಸಿಡಿಯುವುದು ಒಂದು ತಿಂಗಳು ಮೀರಿದರೆ ಮನೋವೈದ್ಯರನ್ನು ಕಾಣಿ. "ನನಗೇನೂ ಆಗಿಲ್ಲ, ಕೇಸ್ ನೋಡಿದ್ದೇನೆ ಅಷ್ಟೇ" ಅನ್ನಬಹುದು. ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಮತ್ತೆ ಮತ್ತೆ ಕೇಳುವ ಪೊಲೀಸರಿಗೂ ಆಘಾತದ ಕಾಯಿಲೆ ಬರಬಹುದು ಅಂತ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲೇ ಇದೆ. ಚಿಕಿತ್ಸೆಯೂ ಇದೆ: ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ, ಮತ್ತೆ ಇಎಂಡಿಆರ್, ಅಂದರೆ ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಹಳೇ ನೆನಪನ್ನು ಎದುರಿಸುವ ಚಿಕಿತ್ಸೆ.

ಬದುಕೇ ಬೇಡ ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮನೆಯಲ್ಲಿ ಬಂದೂಕು ಇದ್ದರೆ ಅವತ್ತೇ ಬೇರೆ ಕಡೆ ಸಾಗಿಸಿ, ಅವರ ಜೊತೆಗೇ ಆಸ್ಪತ್ರೆಗೆ ಹೋಗಿ.