ಹನ್ನೆರಡನೆಯ ಸ್ಥಾನದಿಂದ ವಿಶ್ವಕಪ್‌ವರೆಗೆ: ವೆಸ್ಟ್ ಹ್ಯಾಮ್‌ನ 1965-66ರ ಋತು

1966ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ರಥಮ ಡಿವಿಷನ್ ಲೀಗ್ ಮುಗಿದಾಗ ಪೂರ್ವ ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್, 22 ತಂಡಗಳ ಪಟ್ಟಿಯಲ್ಲಿ 12ನೆಯದಾಗಿತ್ತು. 42 ಪಂದ್ಯ, 15 ಗೆಲುವು, 9 ಡ್ರಾ, 18 ಸೋಲು. ಗೆಲುವಿಗೆ ಎರಡೇ ಅಂಕ ಸಿಗುತ್ತಿದ್ದ ಕಾಲವದು. ಒಟ್ಟು ಸಿಕ್ಕಿದ್ದು 39 ಅಂಕ. ಚಾಂಪಿಯನ್ ಲಿವರ್‌ಪೂಲ್ 61 ಅಂಕ ಗಳಿಸಿತ್ತು. ಕೆಳಗಿನ ಡಿವಿಷನ್ನಿಗೆ ಇಳಿದುಹೋದ ನಾರ್ತಾಂಪ್ಟನ್ ಟೌನ್‌ನ ಬಳಿ 33 ಇದ್ದವು. ಅಂದರೆ ವೆಸ್ಟ್ ಹ್ಯಾಮ್ ಇದ್ದ ಜಾಗದಿಂದ ಕಿರೀಟಕ್ಕಿಂತ ಪ್ರಪಾತವೇ ಬಹಳ ಹತ್ತಿರವಾಗಿತ್ತು.

ಅದೇ ವರ್ಷದ ಜುಲೈ 30ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ನಾಯಕ ಬಾಬಿ ಮೂರ್. ನಾಲ್ಕು ಗೋಲುಗಳಲ್ಲಿ ಮೂರು ಜೆಫ್ ಹರ್ಸ್ಟ್ ಅವರದು, ಒಂದು ಮಾರ್ಟಿನ್ ಪೀಟರ್ಸ್ ಅವರದು. ಮೂವರೂ ವೆಸ್ಟ್ ಹ್ಯಾಮ್ ಆಟಗಾರರು. ಜಗತ್ತಿನ ಅತಿ ದೊಡ್ಡ ಪಂದ್ಯದಲ್ಲಿ ಗೆದ್ದ ತಂಡದ ಎಲ್ಲ ಗೋಲುಗಳನ್ನೂ ಹೊಡೆದ ಆಟಗಾರರು, ಅದರ ನಾಯಕ ಎಲ್ಲರೂ ಒಂದೇ ಕ್ಲಬ್ಬಿನವರು. ಆ ಕ್ಲಬ್ ಮಾತ್ರ ತನ್ನ ದೇಶದ ಲೀಗಿನಲ್ಲಿ ಹನ್ನೆರಡನೆಯದು. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಆ ಹನ್ನೆರಡನೆಯ ಸ್ಥಾನಕ್ಕೂ ಆ ನಾಲ್ಕು ಗೋಲುಗಳಿಗೂ ಮೂಲ ಒಂದೇ. ಅದನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕ್ಲಬ್ ಹುಟ್ಟಿದ್ದು 1895ರಲ್ಲಿ, ಥೇಮ್ಸ್ ನದಿಯ ದಡದ ಹಡಗು ಕಟ್ಟುವ ಕಾರ್ಖಾನೆಯ ಕೆಲಸಗಾರರ ತಂಡವಾಗಿ. ಆಗಿನ ಹೆಸರು ಥೇಮ್ಸ್ ಐರನ್‌ವರ್ಕ್ಸ್. ಲಾಂಛನದಲ್ಲಿ ಇಂದಿಗೂ ಇರುವ ಜೋಡಿ ಸುತ್ತಿಗೆಗಳು ಅಲ್ಲಿಂದ ಬಂದವು. 1900ರಲ್ಲಿ ವೆಸ್ಟ್ ಹ್ಯಾಮ್ ಯುನೈಟೆಡ್ ಆಯಿತು, 1904ರಲ್ಲಿ ಅಪ್ಟನ್ ಪಾರ್ಕಿನ ಬೊಲೆನ್ ಮೈದಾನಕ್ಕೆ ಬಂದಿತು. ಸೋತವರು ಹೊರಬೀಳುವ ದೇಶೀಯ ಟೂರ್ನಿಯಾದ ಎಫ್‌ಎ ಕಪ್‌ನ, ವೆಂಬ್ಲಿಯಲ್ಲಿ ನಡೆದ ಮೊಟ್ಟಮೊದಲ ಫೈನಲ್ಲನ್ನು 1923ರಲ್ಲಿ ಆಡಿ ಬೋಲ್ಟನ್‌ಗೆ ಸೋತಿತು. 1932ರಲ್ಲಿ ಎರಡನೆಯ ಡಿವಿಷನ್ನಿಗೆ ಇಳಿದದ್ದು ಮೇಲೇರಲು 1958ರವರೆಗೆ ಕಾಯಬೇಕಾಯಿತು.

ಆ ದೀರ್ಘ ಕಾಯುವಿಕೆಯ ಕೊನೆಯ ವರ್ಷಗಳಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಅಭ್ಯಾಸ ಮುಗಿಸಿದ ಆಟಗಾರರು ಮೈದಾನದ ಬಳಿಯ ಕಸೆಟ್ಟಾರಿ ಎಂಬ ಕೆಫೆಯಲ್ಲಿ ಕುಳಿತು, ಉಪ್ಪು-ಮೆಣಸಿನ ಡಬ್ಬಿಗಳನ್ನು ಮೇಜಿನ ಮೇಲೆ ಸರಿಸುತ್ತ ಆಟದ ವ್ಯೂಹಗಳನ್ನು ಚರ್ಚಿಸುತ್ತಿದ್ದರು. ಮಾಲ್ಕಂ ಆಲಿಸನ್, ನೋಯೆಲ್ ಕ್ಯಾಂಟ್ವೆಲ್, ಜಾನ್ ಬಾಂಡ್, ಡೇವ್ ಸೆಕ್ಸ್‌ಟನ್, ಫ್ರ್ಯಾಂಕ್ ಓಫ್ಯಾರೆಲ್ ಆ ಗುಂಪಿನವರು. ಎಲ್ಲರೂ ಮುಂದೆ ಮ್ಯಾನೇಜರ್‌ಗಳಾದರು. ಓಡು, ಒದೆ, ಮೈಮೇಲೆ ಬೀಳು ಎಂಬಷ್ಟೇ ಫುಟ್‌ಬಾಲ್ ಆಗಿದ್ದ ಕಾಲದಲ್ಲಿ, ಆಟವನ್ನು ಕುಳಿತು ಯೋಚಿಸಬೇಕಾದ ವಿಷಯವೆಂದು ಇವರು ತಿಳಿದಿದ್ದರು. ಹುಡುಗನಾಗಿ ಕ್ಲಬ್ಬಿಗೆ ಬಂದ ಬಾಬಿ ಮೂರ್ ಅವರಿಗೆ ಆಟದ ಅಕ್ಷರಾಭ್ಯಾಸ ಮಾಡಿಸಿದವರು ಇದೇ ಆಲಿಸನ್.

1961ರಲ್ಲಿ ಮ್ಯಾನೇಜರ್ ಆಗಿ ಬಂದ ರಾನ್ ಗ್ರೀನ್‌ವುಡ್ ಅವರಿಗೆ ಹೀಗೆ ಹದವಾದ ನೆಲ ಸಿಕ್ಕಿತು. 1953ರಲ್ಲಿ ಹಂಗೆರಿ ತಂಡ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮಣಿಸಿದ್ದನ್ನು ಕಣ್ಣಾರೆ ಕಂಡವರು ಅವರು. ಚೆಂಡಿಗಿಂತ ಮುಂಚೆ ಜಾಗವನ್ನು ನೋಡಬೇಕು ಎಂಬ ಪಾಠವನ್ನು ಆ ಪಂದ್ಯದಿಂದ ಹೊತ್ತು ತಂದಿದ್ದರು. ಅವರ ತರಬೇತಿಯ ಒಂದು ಅಂಶ ಈ ಕಥೆಗೆ ಮುಖ್ಯ. ಆವರೆಗೆ ಅಂಚಿನಿಂದ ಬರುವ ಚೆಂಡು ಗೋಲಿನ ಆಚೆ ಬದಿಯ ಕಂಬದತ್ತ ಎತ್ತರಕ್ಕೆ ತೇಲಿ ಬರುತ್ತಿತ್ತು. ಎತ್ತರದ ಆಟಗಾರ ಅಲ್ಲಿ ನಿಂತು ಕಾದಿದ್ದು ತಲೆ ಕೊಡುತ್ತಿದ್ದ. ಗ್ರೀನ್‌ವುಡ್ ಚೆಂಡನ್ನು ಈಚೆ ಕಂಬದ ಮುಂದಿನ ಖಾಲಿ ಜಾಗಕ್ಕೆ, ಬೇಗ ಕಳುಹಿಸಲು ಹೇಳಿದರು. ಅಲ್ಲಿ ಯಾರೂ ಇರುವುದಿಲ್ಲ. ಚೆಂಡು ಹೊರಟ ಮೇಲೆ ದಾಳಿಗಾರ ಅಲ್ಲಿಗೆ ನುಗ್ಗಿ ಬರುತ್ತಾನೆ. ಮೊದಲೇ ಬಂದರೆ ರಕ್ಷಕನೂ ಜೊತೆಗೆ ಬರುತ್ತಾನೆ, ತಡವಾದರೆ ಚೆಂಡು ದಾಟಿಹೋಗುತ್ತದೆ; ಕಳುಹಿಸುವವನೂ ನುಗ್ಗುವವನೂ ಒಂದೇ ಕ್ಷಣದಲ್ಲಿ ಒಂದೇ ಯೋಚನೆ ಮಾಡಬೇಕು. ಅದು ವರ್ಷಗಟ್ಟಲೆ ಜೊತೆಗೆ ಆಡಿದವರಿಗೆ ಮಾತ್ರ ಸಾಧ್ಯ.

ಜೆಫ್ ಹರ್ಸ್ಟ್ ಆಗ ಮಧ್ಯಭಾಗದ ಸಾಧಾರಣ ಆಟಗಾರರಾಗಿದ್ದರು. 1962ರಲ್ಲಿ ಗ್ರೀನ್‌ವುಡ್, ಹರ್ಸ್ಟ್ ಅವರನ್ನು ಮುಂಚೂಣಿಗೆ ತಂದು ನಿಲ್ಲಿಸಿದರು. ಗಟ್ಟಿ ಮೈಕಟ್ಟು, ದಣಿಯದ ಓಟ, ಪೆಟ್ಟು ತಿಂದರೂ ಮತ್ತೆ ಅದೇ ಜಾಗಕ್ಕೆ ನುಗ್ಗುವ ಛಲ: ಈ ತಂತ್ರಕ್ಕೆ ಬೇಕಾದದ್ದೆಲ್ಲ ಅವರಲ್ಲಿತ್ತು. 1965-66ರ ಋತುವಿನಲ್ಲಿ ಎಲ್ಲ ಟೂರ್ನಿಗಳೂ ಸೇರಿ ಅವರು 40 ಗೋಲು ಹೊಡೆದರು.

ಹಾಗಾದರೆ 12ನೆಯ ಸ್ಥಾನವೇಕೆ? ಉತ್ತರ ಗೋಲುಗಳ ಲೆಕ್ಕದಲ್ಲಿದೆ. ವೆಸ್ಟ್ ಹ್ಯಾಮ್ ಲೀಗಿನಲ್ಲಿ ಹೊಡೆದದ್ದು 70 ಗೋಲು. ಲಿವರ್‌ಪೂಲ್ ಹೊಡೆದದ್ದು 79. ವ್ಯತ್ಯಾಸ ಒಂಬತ್ತು ಮಾತ್ರ. ಬಿಟ್ಟುಕೊಟ್ಟದ್ದು ಲಿವರ್‌ಪೂಲ್ 34, ವೆಸ್ಟ್ ಹ್ಯಾಮ್ 83! ದಾಳಿ ಚಾಂಪಿಯನ್ನರದು, ರಕ್ಷಣೆ ತಳದ ತಂಡದ್ದು. ಎದುರಾಳಿಯನ್ನು ಉಸಿರುಗಟ್ಟಿಸಿ 1-0ಗೆ ಪಂದ್ಯ ಮುಗಿಸುವ ಕಲೆಯನ್ನು ಗ್ರೀನ್‌ವುಡ್ ಕಲಿಸಲಿಲ್ಲ, ಕಲಿಸುವ ಮನಸ್ಸೂ ಅವರಿಗಿರಲಿಲ್ಲ. ಚಳಿಗಾಲದ ಕೆಸರಿನ ಮೈದಾನಗಳಲ್ಲಿ, ಒರಟಾಗಿ ಮೈಮೇಲೆ ಬೀಳುವ ತಂಡಗಳ ಎದುರು ಅವರ ಹುಡುಗರು ಮತ್ತೆ ಮತ್ತೆ ಸೋತರು.

ಇನ್ನೊಂದು ಕಾರಣ ಕಪ್ ಪಂದ್ಯಗಳು. 1964ರಲ್ಲಿ ಪ್ರೆಸ್ಟನ್ ತಂಡವನ್ನು 3-2ರಿಂದ ಸೋಲಿಸಿ ವೆಸ್ಟ್ ಹ್ಯಾಮ್ ಎಫ್‌ಎ ಕಪ್ ಗೆದ್ದಿತ್ತು. ಆ ವರ್ಷ ಲೀಗಿನಲ್ಲಿ 14ನೆಯದು. 1965ರ ಮೇ 19ರಂದು ವೆಂಬ್ಲಿಯಲ್ಲಿ ಮ್ಯೂನಿಕ್ 1860 ತಂಡದ ಎದುರು ಆಲನ್ ಸೀಲಿ ಅವರ ಎರಡು ಗೋಲುಗಳಿಂದ ಯುರೋಪಿನ ಕಪ್ ವಿನ್ನರ್ಸ್ ಕಪ್ (ಆಯಾ ದೇಶದ ಕಪ್ ಗೆದ್ದ ತಂಡಗಳ ಟೂರ್ನಿ) ಗೆದ್ದಿತು. ಆ ವರ್ಷ 9ನೆಯದು. ಕ್ಲಬ್ಬಿನ ಇತಿಹಾಸದಲ್ಲೇ ಅಷ್ಟು ಸೊಗಸಾದ ಆಟ ಮತ್ತೊಂದಿಲ್ಲವೆಂದು ಹಳೆಯ ಅಭಿಮಾನಿಗಳು ಈಗಲೂ ಹೇಳುವುದು ಆ ಸಂಜೆಯನ್ನು ಕುರಿತು. ಮುಂದಿನ ಋತುವಿನಲ್ಲಿ ಲೀಗ್, ಎಫ್‌ಎ ಕಪ್, ಲೀಗ್ ಕಪ್, ಯುರೋಪ್ ಎಲ್ಲ ಸೇರಿ 60ಕ್ಕೂ ಹೆಚ್ಚು ಪಂದ್ಯ ಆಡಬೇಕಾಯಿತು. ಬದಲಿ ಆಟಗಾರನಿಗೆ ಲೀಗಿನಲ್ಲಿ ಮೊದಲ ಬಾರಿಗೆ ಅವಕಾಶ ಸಿಕ್ಕಿದ್ದೇ ಆ ಋತುವಿನಲ್ಲಿ, ಅದೂ ಒಬ್ಬನಿಗೆ, ಅದೂ ಯಾರಾದರೂ ಗಾಯಗೊಂಡರೆ ಮಾತ್ರ.

ಲೀಗ್ ಕಪ್ ಸೆಮಿಫೈನಲ್‌ನಲ್ಲಿ ಕಾರ್ಡಿಫ್ ಎದುರು ಎರಡು ಪಂದ್ಯಗಳಿಂದ 10-3ರ ಗೆಲುವು. ಫೈನಲ್‌ನ ಮೊದಲ ಪಂದ್ಯದಲ್ಲಿ ವೆಸ್ಟ್ ಬ್ರಾಮ್‌ವಿಚ್ ಎದುರು 2-1 ಮುನ್ನಡೆ. ಎರಡನೆಯದರಲ್ಲಿ 1-4ರ ಕುಸಿತ. ಯುರೋಪಿನಲ್ಲಿ ಒಲಿಂಪಿಯಾಕೋಸ್, ಮ್ಯಾಗ್ಡೆಬರ್ಗ್ ತಂಡಗಳನ್ನು ದಾಟಿ ಸೆಮಿಫೈನಲ್‌ಗೆ ಬಂದರೆ ಅಲ್ಲಿ ಬೊರುಸ್ಸಿಯಾ ಡಾರ್ಟ್‌ಮಂಡ್. ಲಂಡನ್ನಿನ ಪಂದ್ಯದಲ್ಲಿ ಪೀಟರ್ಸ್ ಗೋಲಿನಿಂದ ಮುಂದಿದ್ದ ವೆಸ್ಟ್ ಹ್ಯಾಮ್, ಕೊನೆಯ ನಿಮಿಷಗಳಲ್ಲಿ ಲೋಥರ್ ಎಮ್ಮರಿಖ್ ಅವರಿಂದ ಬೆನ್ನುಬೆನ್ನಿಗೆ ಎರಡು ಗೋಲು ತಿಂದಿತು. ಜರ್ಮನಿಯಲ್ಲಿ 1-3. ಒಂದೇ ವಸಂತದಲ್ಲಿ ಎರಡು ಕಪ್‌ಗಳು ಕೈತಪ್ಪಿದವು.

ಇದೇ ವಸಂತದಲ್ಲಿ ಕ್ಲಬ್ಬಿನೊಳಗೆ ಒಂದು ಜಗಳವೂ ಬೇಯುತ್ತಿತ್ತು. ಮೂರ್ ಅವರ ಒಪ್ಪಂದ ಜೂನ್ ಕೊನೆಗೆ ಮುಗಿಯುವುದಿತ್ತು, ಹೊಸದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ಟಾಟನ್‌ಹ್ಯಾಮ್‌ಗೆ ಹೋಗುವ ಆಸೆ ಅವರಿಗಿತ್ತು. ಗ್ರೀನ್‌ವುಡ್, ಮೂರ್ ಅವರಿಂದ ಕ್ಲಬ್ಬಿನ ನಾಯಕತ್ವವನ್ನೇ ಕಿತ್ತುಕೊಂಡರು. ಇಂಗ್ಲೆಂಡಿನ ನಾಯಕ ತನ್ನ ಕ್ಲಬ್ಬಿನಲ್ಲಿ ನಾಯಕನಲ್ಲ!

ಈ ಜಗಳ ಅರ್ಥವಾಗಬೇಕಾದರೆ ಆ ಕಾಲದ ಆಟಗಾರನ ಸ್ಥಿತಿ ಗೊತ್ತಿರಬೇಕು. 19ನೆಯ ಶತಮಾನದ ಕೊನೆಯಿಂದ ಇಂಗ್ಲಿಷ್ ಲೀಗಿನಲ್ಲಿ ಒಂದು ಕಠೋರ ಪದ್ಧತಿ ಇತ್ತು: ಆಟಗಾರನ ಒಪ್ಪಂದ ಮುಗಿದರೂ ಅವನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ ಬಿಡದಿದ್ದರೆ ಅವನು ಬೇರೆಲ್ಲೂ ಆಡುವಂತಿರಲಿಲ್ಲ. ಜೊತೆಗೆ 1901ರಿಂದ ಗರಿಷ್ಠ ವೇತನದ ಮಿತಿ. 1950ರ ದಶಕದ ಕೊನೆಯಲ್ಲಿಯೂ ಅದು ವಾರಕ್ಕೆ 20 ಪೌಂಡ್ ಮಾತ್ರ. ಹತ್ತಾರು ಸಾವಿರ ಜನರನ್ನು ಮೈದಾನಕ್ಕೆ ಸೆಳೆಯುವ ಆಟಗಾರನಿಗೂ ಅದಕ್ಕಿಂತ ಹೆಚ್ಚಿಲ್ಲ. ಆಟಗಾರರ ಸಂಘ ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ, 1961ರ ಜನವರಿಯಲ್ಲಿ ಆ ಮಿತಿ ಹೋಯಿತು. ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರರಾದರು.

ನೋಂದಣಿಯ ಸಂಕೋಲೆಯನ್ನು ಪ್ರಶ್ನಿಸಿದವರು ಆಟಗಾರ ಜಾರ್ಜ್ ಈಸ್ಟಮ್. ನ್ಯೂಕ್ಯಾಸಲ್ ಕ್ಲಬ್ ತಮ್ಮನ್ನು ಬಿಡಲು ಒಪ್ಪದಿದ್ದಾಗ ಆಟ ನಿಲ್ಲಿಸಿ ಬೇರೆ ಕೆಲಸಕ್ಕೆ ಸೇರಿದರು, ಕೊನೆಗೆ ಆರ್ಸೆನಲ್ ಸೇರಿದ ಮೇಲೂ ಮೊಕದ್ದಮೆಯನ್ನು ಕೈಬಿಡಲಿಲ್ಲ. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್, ಒಪ್ಪಂದ ಮುಗಿದ ಆಟಗಾರನನ್ನು ಹಿಡಿದಿಡುವ ಆ ಪದ್ಧತಿ ದುಡಿಮೆಯ ಸ್ವಾತಂತ್ರ್ಯಕ್ಕೆ ಅನ್ಯಾಯದ ತಡೆ ಎಂದು ತೀರ್ಪಿತ್ತರು. ನಿಯಮಗಳು ಸಡಿಲಗೊಂಡವು, ಆದರೆ ಪೂರ್ತಿ ಅಲ್ಲ. ಹಳೆಯ ಷರತ್ತುಗಳಿಗಿಂತ ಕಡಿಮೆಯಲ್ಲದ ಷರತ್ತು ಕೊಟ್ಟರೆ ಒಪ್ಪಂದವನ್ನು ಮುಂದುವರಿಸುವ ಹಕ್ಕು ಕ್ಲಬ್ಬಿಗೆ ಉಳಿಯಿತು. ಪಟ್ಟಿಯ ನಡುವಿನ ತಂಡವೊಂದು ಮೂವರು ಶ್ರೇಷ್ಠ ಆಟಗಾರರನ್ನು ವರ್ಷಾನುಗಟ್ಟಲೆ ಒಟ್ಟಿಗೆ ಉಳಿಸಿಕೊಂಡದ್ದರ ಹಿಂದೆ ಗ್ರೀನ್‌ವುಡ್ ಅವರ ಮೇಲಿನ ಗೌರವವೂ ಇತ್ತು, ಈ ಕಾನೂನಿನ ಬಲವೂ ಇತ್ತು. ಎರಡನೆಯದನ್ನು ಮರೆತು ಮೊದಲನೆಯದನ್ನಷ್ಟೇ ಹಾಡಿ ಹೊಗಳುವುದು ಆಟಗಾರರಿಗೆ ಮಾಡುವ ಅನ್ಯಾಯ. ಅವರ ಆಟ ನಮಗೆ ಎಷ್ಟೇ ಸಂತೋಷ ಕೊಟ್ಟಿರಲಿ, ಎಲ್ಲಿ ದುಡಿಯಬೇಕೆಂದು ನಿರ್ಧರಿಸುವ ಹಕ್ಕು ಅವರದೇ ಆಗಿರಬೇಕಿತ್ತು.

ಜೂನ್ 30 ಕಳೆಯಿತು. ವಿಶ್ವಕಪ್‌ನಲ್ಲಿ ಆಡಲು ಆಟಗಾರ ಯಾವುದಾದರೊಂದು ಕ್ಲಬ್ಬಿಗೆ ಸೇರಿರಲೇಬೇಕು. ಮೂರ್ ಯಾವುದಕ್ಕೂ ಸೇರಿರಲಿಲ್ಲ. ಗ್ರೀನ್‌ವುಡ್ ಇಂಗ್ಲೆಂಡ್ ತಂಡ ತಂಗಿದ್ದ ಹೆಂಡನ್ ಹಾಲ್ ಹೋಟೆಲಿಗೆ ಬಂದರು. ಅಲ್ಲಿ ಮೂರ್ ಒಂದೇ ತಿಂಗಳ ಒಪ್ಪಂದಕ್ಕೆ ಸಹಿ ಹಾಕಿದರು. ವಿಶ್ವಕಪ್ ಎತ್ತಿಹಿಡಿದ ನಾಯಕ ಆ ತಿಂಗಳು ಇಂಥದೊಂದು ತಾತ್ಕಾಲಿಕ ಕಾಗದದ ಮೇಲೆ ನಿಂತಿದ್ದರು. ಈಸ್ಟಮ್ ಕೂಡ ಅದೇ 22 ಮಂದಿಯ ತಂಡದಲ್ಲಿದ್ದರು, ಒಂದು ಪಂದ್ಯವನ್ನೂ ಆಡಲಿಲ್ಲ.

ಹರ್ಸ್ಟ್ ಆರಂಭದ ಹನ್ನೊಂದರಲ್ಲಿ ಇರಲಿಲ್ಲ. ಮುಂಚೂಣಿಯ ಆಟಗಾರ ಜಿಮ್ಮಿ ಗ್ರೀವ್ಸ್ ಗಾಯಗೊಂಡದ್ದರಿಂದ ಕ್ವಾರ್ಟರ್‌ಫೈನಲ್‌ನಲ್ಲಿ ಅವಕಾಶ ಸಿಕ್ಕಿತು. ಅರ್ಜೆಂಟೀನಾ ಎದುರಿನ ಆ ಪಂದ್ಯದ ಒಂದೇ ಗೋಲು ನೋಡಿ: ಎಡಗಡೆಯಿಂದ ಪೀಟರ್ಸ್ ಕಳುಹಿಸಿದ ಚೆಂಡು, ಈಚೆ ಕಂಬದತ್ತ ನುಗ್ಗಿದ ಹರ್ಸ್ಟ್ ಅವರ ಹೆಡರ್. ಫೈನಲ್‌ನ 18ನೆಯ ನಿಮಿಷದಲ್ಲಿ ಫ್ರೀ ಕಿಕ್ ಸಿಕ್ಕ ಮೂರ್, ಜರ್ಮನ್ನರು ಸಜ್ಜಾಗುವ ಮೊದಲೇ ಖಾಲಿ ಜಾಗಕ್ಕೆ ಚೆಂಡು ತೇಲಿಸಿದರು; ಅಲ್ಲಿಗೆ ಬಂದವರು ಮತ್ತೆ ಹರ್ಸ್ಟ್. ಕೈಸನ್ನೆಯೂ ಬೇಕಾಗಿರಲಿಲ್ಲ. ಕ್ಲಬ್ಬಿನ ಅಭ್ಯಾಸದಲ್ಲಿ ಲೆಕ್ಕವಿಲ್ಲದಷ್ಟು ಸಲ ಮಾಡಿದ್ದನ್ನೇ ಅವರು ಅಂದೂ ಮಾಡಿದರು. ಎದುರು ತಂಡದಲ್ಲಿ ಡಾರ್ಟ್‌ಮಂಡ್‌ನ ಮೂವರಿದ್ದರು: ಗೋಲ್‌ಕೀಪರ್ ಟಿಲ್ಕೋವ್ಸ್ಕಿ, ಹೆಲ್ಡ್ ಮತ್ತು ಅದೇ ಎಮ್ಮರಿಖ್. 89ನೆಯ ನಿಮಿಷದಲ್ಲಿ ಜರ್ಮನಿ 2-2 ಸಮ ಮಾಡಿಕೊಂಡದ್ದೂ ಎಮ್ಮರಿಖ್ ಹೊಡೆದ ಫ್ರೀ ಕಿಕ್ಕಿನಿಂದಲೇ. ಹೆಚ್ಚುವರಿ ಸಮಯದ ಕೊನೆಯಲ್ಲಿ ಮೂರ್, ಚೆಂಡನ್ನು ಹೊರಗಟ್ಟಿ ಸಮಯ ಕಳೆಯುವ ಬದಲು ತಲೆಯೆತ್ತಿ ನೋಡಿ ಹರ್ಸ್ಟ್‌ಗೆ ಉದ್ದನೆಯ ಪಾಸ್ ಕೊಟ್ಟರು. ಹರ್ಸ್ಟ್ ಅವರ ಮೂರನೆಯ ಗೋಲು ಬಿದ್ದಿತು. ಲೀಗಿನಲ್ಲಿ ವೆಸ್ಟ್ ಹ್ಯಾಮ್ ಅಂಕಗಳನ್ನು ಕಳೆದುಕೊಳ್ಳುವಂತೆ ಮಾಡಿದ್ದು ಆಟವನ್ನು ಆಡಿಯೇ ತೀರುವ ಇದೇ ಸ್ವಭಾವ.

ಮೂವರು ವಿಶ್ವ ಚಾಂಪಿಯನ್ನರೊಂದಿಗೆ ಆಗಸ್ಟ್ 20ರಂದು ಹೊಸ ಋತು ಆರಂಭಿಸಿದ ವೆಸ್ಟ್ ಹ್ಯಾಮ್, ತವರಿನಲ್ಲಿ ಚೆಲ್ಸಿಗೆ 1-2ರಿಂದ ಸೋತಿತು. ನವೆಂಬರ್‌ನಲ್ಲಿ ಲೀಗ್ ಕಪ್‌ನಲ್ಲಿ ಬಲಿಷ್ಠ ಲೀಡ್ಸ್ ತಂಡಕ್ಕೆ 7-0 ಬಾರಿಸಿತು. ಮೇ ತಿಂಗಳಲ್ಲಿ ಅದೇ ಅಪ್ಟನ್ ಪಾರ್ಕಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 6-1ರಿಂದ ಗೆದ್ದು ಲೀಗ್ ಕಿರೀಟ ಧರಿಸಿತು. ಆ ವರ್ಷ ವೆಸ್ಟ್ ಹ್ಯಾಮ್ ಹೊಡೆದದ್ದು 80, ತಿಂದದ್ದು 84, ಸ್ಥಾನ 16. ಬಳಿಕ 12, 8, 17.

ಪೀಟರ್ಸ್ 1970ರ ಮಾರ್ಚ್‌ನಲ್ಲಿ ಟಾಟನ್‌ಹ್ಯಾಮ್ ಸೇರಿದರು. ಜಿಮ್ಮಿ ಗ್ರೀವ್ಸ್ ವಿನಿಮಯವೂ ಸೇರಿ ವ್ಯವಹಾರದ ಮೊತ್ತ 2 ಲಕ್ಷ ಪೌಂಡ್, ಬ್ರಿಟನ್ನಿನಲ್ಲಿ ಆಗಿನ ದಾಖಲೆ. ಹರ್ಸ್ಟ್ 1972ರಲ್ಲಿ ಸ್ಟೋಕ್‌ಗೆ ಹೋದರು. ಮೂರ್ 1974ರವರೆಗೆ ಉಳಿದು ಫುಲ್‌ಹ್ಯಾಮ್ ಸೇರಿದರು. ಮರುವರ್ಷದ ಎಫ್‌ಎ ಕಪ್ ಫೈನಲ್‌ನಲ್ಲಿ ಅವರ ಹೊಸ ತಂಡಕ್ಕೆ ಎದುರಾದದ್ದು ವೆಸ್ಟ್ ಹ್ಯಾಮ್. 2-0ರಿಂದ ಗೆದ್ದದ್ದೂ ವೆಸ್ಟ್ ಹ್ಯಾಮ್. ಲೀಗಿನಲ್ಲಿ ಆ ವರ್ಷ ಅದರ ಸ್ಥಾನ 13. ಒಪ್ಪಂದ ಮುಗಿದ ಆಟಗಾರ ಹಣದ ತಗಾದೆಯಿಲ್ಲದೆ ಕ್ಲಬ್ ಬಿಟ್ಟು ಹೋಗುವ ಪೂರ್ಣ ಹಕ್ಕು ಯುರೋಪಿನಲ್ಲಿ ಸಿಕ್ಕಿದ್ದು 1995ರ ಬೋಸ್ಮನ್ ತೀರ್ಪಿನಿಂದ, ಮೂರ್ ತೀರಿಕೊಂಡ ಸುಮಾರು ಮೂರು ವರ್ಷಗಳ ನಂತರ.